ಹಳೆಯ ಕಿರುಗೋವಿಯನ್ನು ಓದುವ ಬಗೆ

ಮಲೆನಾಡಿನ ಹಳೆಯ ಮನೆಗಳ ಅಟ್ಟವು ಒಂದು ಬಗೆಯ ವಸ್ತುಸಂಗ್ರಹಾಲಯವೇ ಸರಿ. ಅಡಕೆಯ ಗೋಣಿಗಳ ಹಿಂದೆ, ಮುರಿದ ತೊಟ್ಟಿಲು, ಹಿತ್ತಾಳೆಯ ದೀಪ, ಓಲೆಗರಿಯ ಕಟ್ಟುಗಳ ನಡುವೆ ಒಮ್ಮೊಮ್ಮೆ ಅಪೂರ್ವವಾದ ವಸ್ತುಗಳು ಅಡಗಿರುವುದುಂಟು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೂಲಕ ಸೊರಬಕ್ಕೆ ಹೋಗುವ ದಾರಿಯ ಬದಿಯ ಒಂದು ಹಳ್ಳಿಯಲ್ಲಿ, ನಮ್ಮ ಸಹೋದ್ಯೋಗಿಯೊಬ್ಬರ ತಾಯಿಯ ತವರುಮನೆಗೆ ನಾವು ಹೋಗಿದ್ದಾಗ, ಆ ಮನೆಯ ಹಿರಿಯರು ಒಂದು ಮರದ ಪೆಟ್ಟಿಗೆಯನ್ನು ನಮ್ಮ ಮುಂದೆ ತಂದಿಟ್ಟರು. ಅದರೊಳಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಪಿಸ್ತೂಲು ಇತ್ತು. ತುದಿಯಿಂದ ತುದಿಗೆ ೧೬ ಸೆಂಟಿಮೀಟರು. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು. ಪ್ರತಿವರ್ಷ ಆಯುಧಪೂಜೆಯ ದಿನ ಅದಕ್ಕೆ ಕುಂಕುಮವಿಟ್ಟುದರ ಗುರುತು ಹಿಡಿಯ ಮೇಲೆ ಉಳಿದಿತ್ತು.

“ಇದು ಧೋಂಡಿಯನ ಕಾಲದ್ದು ಮೇಷ್ಟ್ರೆ. ಶಿಕಾರಿಪುರದ ಕೋಟೆ ಬಿದ್ದಾಗ ನಮ್ಮ ಹಿರಿಯರ ಕೈಗೆ ಸಿಕ್ಕಿತಂತೆ” ಎಂದರು ಹಿರಿಯರು.

ಈ ಮಾತು ಸುಮ್ಮನೆ ತಳ್ಳಿಹಾಕುವಂಥದಲ್ಲ. ೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಯಿಂದ ಹೊರಬಂದ ಧೋಂಡಿಯ ವಾಘನು ದಂಡು ಕಟ್ಟಿ ಈ ಸೀಮೆಯನ್ನು ಹಿಡಿದದ್ದು, ಅದೇ ವರ್ಷದ ಆಗಸ್ಟಿನಲ್ಲಿ ಇಂಗ್ಲಿಷರ ಸೇನೆ ಶಿಕಾರಿಪುರದ ಕೋಟೆಯನ್ನು ವಶಪಡಿಸಿಕೊಂಡದ್ದು, ಮರುವರ್ಷ ಸೆಪ್ಟೆಂಬರಿನಲ್ಲಿ ಅವನು ಯುದ್ಧದಲ್ಲಿ ಮಡಿದದ್ದು ಇವೆಲ್ಲ ಚರಿತ್ರೆಯ ಸಂಗತಿಗಳು. ಊರಿನ ಹೆಸರೇ ‘ಶಿಕಾರಿ’ಯಿಂದ ಬಂದುದು, ಮೊದಲು ಮಳಿಯನಹಳ್ಳಿ, ಕೆಳದಿಯ ಅರಸರ ಕಾಲದಲ್ಲಿ ಮಹಾದಾನಪುರ ಎನಿಸಿದ್ದ ಊರು, ಸುತ್ತಲ ಕಾಡಿನಲ್ಲಿ ಬೇಟೆ ಹೇರಳವಾಗಿದ್ದುದರಿಂದ ಹೈದರ್ ಅಥವಾ ಟಿಪ್ಪುವಿನ ಕಾಲದಲ್ಲಿ ಶಿಕಾರಿಪುರವಾಯಿತೆಂದು ಹೇಳುತ್ತಾರೆ. ಕೋವಿಯೂ ಮದ್ದೂ ಈ ನೆಲಕ್ಕೆ ಹೊಸತಲ್ಲ. ಆದರೂ ಮನೆಯ ಮಾತು ಒಂದು ಸಾಕ್ಷಿ. ವಸ್ತುವು ತಾನೇ ನುಡಿಯುವ ಮಾತು ಇನ್ನೊಂದು ಸಾಕ್ಷಿ. ಇವೆರಡೂ ಒಂದನ್ನೊಂದು ಒಪ್ಪುತ್ತವೆಯೆ ಎಂದು ನೋಡುವುದೇ ವಿಜ್ಞಾನದ ಕೆಲಸ. ಅದನ್ನು ಹೇಗೆ ನೋಡಬೇಕೆಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಮದ್ದಿನ ಗುಣ

ಹಳೆಯ ಕೋವಿಗಳನ್ನು ತಿಳಿಯಬೇಕಾದರೆ ಅವುಗಳ ಆಹಾರವಾದ ಕರಿಮದ್ದನ್ನು ಮೊದಲು ತಿಳಿಯಬೇಕು. ಪೆಟ್ಲುಪ್ಪು, ಇದ್ದಲು, ಗಂಧಕ ಈ ಮೂರರ ಮಿಶ್ರಣವೇ ಮದ್ದು. ಇದರಲ್ಲಿ ಪೆಟ್ಲುಪ್ಪಿನದೇ ದೊಡ್ಡ ಪಾಲು. ಇದ್ದಲು ಉರಿಯಬೇಕಾದರೆ ಆಮ್ಲಜನಕ ಬೇಕಷ್ಟೆ? ಒಲೆಯಲ್ಲಿ ಅದು ಗಾಳಿಯಿಂದ ದೊರೆಯುತ್ತದೆ. ಮುಚ್ಚಿದ ನಳಿಗೆಯೊಳಗೆ ಗಾಳಿ ಎಲ್ಲಿಂದ ಬರಬೇಕು? ಪೆಟ್ಲುಪ್ಪು ತನ್ನೊಳಗೆ ಕಟ್ಟಿಟ್ಟುಕೊಂಡ ಆಮ್ಲಜನಕವನ್ನು ಅಲ್ಲಿ ಬಿಟ್ಟುಕೊಡುತ್ತದೆ. ಗಂಧಕವು ಬೇಗ ಹೊತ್ತಿಕೊಂಡು ಉರಿಯನ್ನು ಹರಡಲು ನೆರವಾಗುತ್ತದೆ.

ಉರಿದ ಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಘನಕಣಗಳಾಗಿ ಉಳಿಯುತ್ತದೆ. ಕೇಪಿನ ಕೋವಿಯಿಂದ ಈಡು ಹಾರಿದೊಡನೆ ಎದುರಿಗೆ ಕವಿಯುವ ಬಿಳಿಯ ಹೊಗೆ ಈ ಕಣಗಳದೇ. ನಳಿಗೆಯೊಳಗೆ ಉಳಿದ ಕಿಟ್ಟವು ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೊಳೆಯದೆ ಇಟ್ಟ ಕೋವಿ ಬೇಗ ಕೆಡುವುದಕ್ಕೆ ಇದೇ ಕಾರಣ.

ಇನ್ನೊಂದು ಗುಣವನ್ನು ವಾಚಕರು ನೆನಪಿನಲ್ಲಿಡಬೇಕು. ಮದ್ದು ನೆನೆಯದೆ ಒಣಗಿಯೇ ಇದ್ದರೆ ಎಷ್ಟು ಕಾಲ ಕಳೆದರೂ ತನ್ನ ಶಕ್ತಿಯನ್ನು ಕಳೆದುಕೊಳ್ಳದು. ೨೦೧೮ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, ಒಂದು ಹಾಳುಬಾವಿಯಿಂದ ಟಿಪ್ಪುವಿನ ಕಾಲದ್ದೆನ್ನಲಾದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತುವು. ಅವುಗಳ ಕೊಳವೆಗಳ ಒಳಗೆ ತುಂಬಿದ ಪುಡಿ ಆಗಲೂ ಉಳಿದಿತ್ತು. ಇನ್ನೂರು ವರ್ಷಗಳ ಕೆಸರು ಕೂಡ ಅದನ್ನು ಪೂರ್ತಿ ತೊಳೆದು ಹಾಕಿರಲಿಲ್ಲ.

ಬೆಂಕಿ ಮುಟ್ಟಿಸುವ ಬಗೆಗಳು

ಕೋವಿಯ ಕಾಲವನ್ನು ಹೇಳುವ ಮುಖ್ಯವಾದ ಅಂಗ ನಳಿಗೆಯಲ್ಲ, ಹಿಡಿಯಲ್ಲ. ಮದ್ದಿಗೆ ಬೆಂಕಿ ಮುಟ್ಟಿಸುವ ಅಂಗ. ಇದರಲ್ಲಿ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಬಹುದು.

ಮೊದಲನೆಯದು ಬತ್ತಿಯ ಕೋವಿ. ಹೊಗೆಯಾಡುವ ಬತ್ತಿಯ ತುದಿಯನ್ನು ನಳಿಗೆಯ ಪಕ್ಕದ ಬಟ್ಟಲಿನಲ್ಲಿರುವ ರಂಜಕದ ಪುಡಿಗೆ ತಾಗಿಸುವುದು ಇದರ ಕ್ರಮ. ಉರಿಯುವ ಬತ್ತಿಯನ್ನು ಯಾರು ತಾನೆ ಜೇಬಿನಲ್ಲಿಟ್ಟುಕೊಳ್ಳುವರು? ಆದುದರಿಂದ ಜೇಬಿನ ಪಿಸ್ತೂಲು ಹುಟ್ಟಬೇಕಾದರೆ, ಬೇಕಾದ ಕ್ಷಣದಲ್ಲಿ ಮಾತ್ರ ಬೆಂಕಿಯನ್ನು ಹುಟ್ಟಿಸುವ ಉಪಾಯವೊಂದು ಬೇಕಾಯಿತು.

ಎರಡನೆಯದು ಆ ಉಪಾಯವೇ, ಚಕಮಕಿಯ ಕೋವಿ. ಕುದುರೆಯ ಬಾಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು, ಎದುರಿಗೆ ನಿಂತ ಉಕ್ಕಿನ ತಗಡನ್ನು ಉಜ್ಜುತ್ತ ಇಳಿಯುತ್ತದೆ. ಕಲ್ಲು ಉರಿಯುವುದೆಂದು ಅನೇಕರ ನಂಬಿಕೆ. ನಿಜವಾಗಿ ಉರಿಯುವುದು ಉಕ್ಕು. ಗಟ್ಟಿಯಾದ ಕಲ್ಲು ಉಕ್ಕಿನಿಂದ ಸೂಕ್ಷ್ಮವಾದ ಚೂರುಗಳನ್ನು ಕೆತ್ತುತ್ತದೆ. ಆ ಚೂರುಗಳು ಉಜ್ಜಿದ ಬಿಸಿಗೆ ಗಾಳಿಯಲ್ಲಿ ಹೊತ್ತಿಕೊಂಡು ರಂಜಕದ ಮೇಲೆ ಬೀಳುತ್ತವೆ.

ಮೂರನೆಯದು ಕೇಪಿನ ಕೋವಿ. ೧೮೦೦ರಲ್ಲಿ ಎಡ್ವರ್ಡ್ ಹೋವರ್ಡ್ ಎಂಬ ಇಂಗ್ಲಿಷ್ ರಸಾಯನಜ್ಞನು ಪಾದರಸದ ಫಲ್ಮಿನೇಟ್ ಎಂಬ ವಸ್ತುವನ್ನು ಕುರಿತು ಬರೆದನು. ಪೆಟ್ಟು ಬಿದ್ದೊಡನೆ ಸಿಡಿಯುವುದು ಅದರ ಸ್ವಭಾವ. ಇಂಥ ಸಿಡಿಪುಡಿಗಳನ್ನು ಕೋವಿಗೆ ಅಳವಡಿಸಿದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸೈತ್. ಅವನಿಗೆ ೧೮೦೭ರಲ್ಲಿ ಪೇಟೆಂಟ್ ದೊರೆಯಿತು. ಪುಡಿಯನ್ನು ತಾಮ್ರದ ಪುಟ್ಟ ಟೊಪ್ಪಿಗೆಯಲ್ಲಿ ತುಂಬಿದ ಕೇಪು ಬಳಕೆಗೆ ಬಂದುದು ೧೮೨೦ರ ದಶಕದಲ್ಲಿ. ನಳಿಗೆಯ ಹಿಂಭಾಗದಲ್ಲಿ ತೂತುಳ್ಳ ಒಂದು ಪುಟ್ಟ ಗೂಟವಿದ್ದು, ಅದರ ತಲೆಯ ಮೇಲೆ ಕೇಪು ಕೂರುತ್ತದೆ. ಮಲೆನಾಡಿನ ಒಂಟಿನಳಿಗೆಯ ನಾಡಕೋವಿಗಳಲ್ಲಿ ಈ ಕ್ರಮವೇ ಉಳಿದುಬಂದುದು ವಾಚಕರಲ್ಲಿ ಹಲವರಿಗೆ ಗೊತ್ತಿದೆ.

ನಾಲ್ಕನೆಯದು ತೋಟೆಯ ಕೋವಿ. ಮದ್ದು, ಗುಂಡು, ಕೇಪು ಮೂರೂ ಒಂದೇ ಲೋಹದ ಕೋಶದೊಳಗೆ ಸೇರಿಕೊಂಡುವು. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಇದು ಬಲಗೊಂಡಂತೆ ಹಳೆಯ ಕಿರುಗೋವಿಗಳ ಕಾಲ ಮುಗಿಯಿತು.

ನಮ್ಮ ಮುಂದಿದ್ದ ಪಿಸ್ತೂಲಿನಲ್ಲಿ ಚಕಮಕಿಯ ತಗಡೂ ಇರಲಿಲ್ಲ, ರಂಜಕದ ಬಟ್ಟಲೂ ಇರಲಿಲ್ಲ, ಕೇಪಿನ ಗೂಟವಿತ್ತು. ಅಂದಮೇಲೆ ೧೭೯೯ರ ಮಾತಿಗೆ ಮೊದಲ ಅಡ್ಡಿ ಬಂದಿತು. ಆದರೆ ಅವಸರಪಡಬಾರದು. ಕೇಪು ಬಂದ ಮೇಲೆ ಎಷ್ಟೋ ಚಕಮಕಿಯ ಕೋವಿಗಳನ್ನು ಕೇಪಿನವಾಗಿ ಮಾರ್ಪಡಿಸಿದರು. ಅಂಥವುಗಳಲ್ಲಿ ತಗಡನ್ನೂ ಬಟ್ಟಲನ್ನೂ ಕಿತ್ತ ಸ್ಥಳದಲ್ಲಿ ಮುಚ್ಚಿದ ತೂತುಗಳೂ ಬೆಸುಗೆಯ ಗುರುತೂ ಕಾಣುತ್ತವೆ. ನಾವು ಭೂತಕನ್ನಡಿಯಿಂದ ಹುಡುಕಿದೆವು. ಅಂಥ ಗುರುತು ಇರಲಿಲ್ಲ. ಇದು ಹುಟ್ಟಿನಿಂದಲೇ ಕೇಪಿನ ಕೋವಿ.

ಜೇಬಿನ ಪಿಸ್ತೂಲಿನ ಚಾತುರ್ಯ

ಜೇಬಿನ ಪಿಸ್ತೂಲು ಎಂದರೆ ದೊಡ್ಡ ಪಿಸ್ತೂಲನ್ನು ಕುಗ್ಗಿಸಿದುದಲ್ಲ. ಬಟ್ಟೆಗೆ ಸಿಕ್ಕಿಕೊಳ್ಳಬಾರದು, ತಾನಾಗಿ ಹಾರಬಾರದು, ಎಳೆದೊಡನೆ ಕೈಗೆ ಬರಬೇಕು ಎಂಬ ಮೂರು ಕಟ್ಟಳೆಗಳು ಅದರ ರೂಪವನ್ನು ತಿದ್ದಿದವು. ಇದರ ಸೊಗಸೆಲ್ಲ ಅಲ್ಲಿದೆ.

ದೊಡ್ಡ ಪಿಸ್ತೂಲಿನಲ್ಲಿ ಕುದುರೆ ಬಲಪಕ್ಕದಲ್ಲಿ ಹೊರಚಾಚಿರುತ್ತದೆ. ಕಿರುಗೋವಿಗಳಲ್ಲಿ ಹೆಚ್ಚಿನವಕ್ಕೆ ಯಂತ್ರವೆಲ್ಲವೂ ಒಂದು ಲೋಹದ ಪೆಟ್ಟಿಗೆಯೊಳಗೆ ಅಡಗಿ, ಕುದುರೆ ನಟ್ಟನಡುವೆ ನಿಲ್ಲುತ್ತದೆ. ಟ್ರಿಗರು ಕೂಡ ಕೆಲವದರಲ್ಲಿ ಕಾಣಿಸುವುದೇ ಇಲ್ಲ. ಕುದುರೆಯನ್ನು ಹಿಂದಕ್ಕೆ ಎಳೆದಾಗ ಮಾತ್ರ ಹೊಟ್ಟೆಯಡಿಯಿಂದ ಇಳಿದುಬರುತ್ತದೆ. ಅದನ್ನು ಕಾಯಲು ಬೇರೆ ಬಳೆ ಬೇಕಿಲ್ಲ.

ಇನ್ನೂ ಜಾಣತನದ್ದು ತಿರುಪಿನ ನಳಿಗೆ. ಇದರಲ್ಲಿ ಗಜದಿಂದ ಗುಂಡನ್ನು ಬಾಯಿಂದ ಇಡಿಯುವುದಿಲ್ಲ. ನಳಿಗೆಯನ್ನೇ ಬಿಚ್ಚಿ, ಹಿಂದಿನ ಕುಣಿಯಲ್ಲಿ ಮದ್ದು ತುಂಬಿ, ಮೇಲೆ ಗುಂಡನ್ನಿಟ್ಟು, ನಳಿಗೆಯನ್ನು ತಿರುಗಿಸಿ ಕೂರಿಸುತ್ತಾರೆ. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ದಪ್ಪವಾಗಿರುವುದರಿಂದ ಜೇಬಿನಲ್ಲಿ ತಲೆಕೆಳಗಾದರೂ ಉರುಳಿ ಬೀಳದು. ಹಾರುವಾಗ ಅನಿಲವೂ ಪಕ್ಕದಿಂದ ಸೋರಿಹೋಗದು. ನಳಿಗೆಯ ಬಾಯಲ್ಲಿ ನಕ್ಷತ್ರದಂತೆ ಕೊರೆದ ಕಚ್ಚುಗಳಿದ್ದರೆ, ಅಥವಾ ಅಡಿಯಲ್ಲೊಂದು ಪುಟ್ಟ ಉಬ್ಬಿದ್ದರೆ, ಅದು ಬಿಚ್ಚುವ ಕೀಲಿಗಾಗಿ ಮಾಡಿದುದೆಂದು ತಿಳಿಯಬೇಕು. ಇಂಗ್ಲೆಂಡಿನಲ್ಲಿ ೧೮ನೆಯ ಶತಮಾನದ ಆದಿಯಿಂದ ಹೆಸರಾದ ಈ ಬಗೆಯ ಪಿಸ್ತೂಲುಗಳಿಗೆ ರಾಣಿ ಆನ್ನಳ ಹೆಸರು ಹತ್ತಿಕೊಂಡಿದೆ.

ಅಮೆರಿಕದಲ್ಲಿ ಈ ಜಾತಿಗೆ ಪ್ರಸಿದ್ಧಿ ತಂದವನು ಫಿಲಡೆಲ್ಫಿಯದ ಹೆನ್ರಿ ಡೆರಿಂಜರ್ (೧೭೮೬–೧೮೬೮). ೧೮೬೫ರ ಏಪ್ರಿಲ್ ೧೪ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆಯಲ್ಲಿ ಅಧ್ಯಕ್ಷ ಲಿಂಕನ್ನನ ಮೇಲೆ ಹಾರಿದುದು ಇವನ ಕಾರ್ಖಾನೆಯ ಕೇಪಿನ ಪಿಸ್ತೂಲಿನ ಗುಂಡು. ಅದರ ಉದ್ದ ಸುಮಾರು ೧೫ ಸೆಂಟಿಮೀಟರು ಮಾತ್ರ. ಇವನ ಹೆಸರಿನಲ್ಲಿ ‘ರ’ಕಾರದ ಅಕ್ಷರ ಒಂದೇ, ಬೇರೆಯವರ ತಯಾರಿಕೆಗಳಿಗೆ ಬಂದ ಹೆಸರಿನಲ್ಲಿ ಎರಡು. ಒಂದು ಅಕ್ಷರದಿಂದಲೂ ವಸ್ತುವಿನ ಜಾತಕ ಬದಲಾಗಬಹುದೆಂಬುದಕ್ಕೆ ಇದು ನಿದರ್ಶನ.

ಮುದ್ರೆಗಳ ಸಾಕ್ಷ್ಯ

ಯೂರೋಪಿನ ಹಲವು ಊರುಗಳಲ್ಲಿ ನಳಿಗೆಯನ್ನು ಮಾರುವ ಮೊದಲು ಹೆಚ್ಚಿನ ಮದ್ದು ತುಂಬಿ ಹಾರಿಸಿ, ಒಡೆಯದೆ ನಿಂತರೆ ಮುದ್ರೆಯೊತ್ತುವ ಪದ್ಧತಿಯಿದೆ. ಲಂಡನ್ನಿನ ಕೋವಿಗಾರರ ಸಂಘಕ್ಕೆ ೧೬೩೭ರಲ್ಲಿ ಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಶಾಲೆ ೧೮೧೩ರಲ್ಲಿ ಸ್ಥಾಪನೆಯಾಯಿತು. ಅಡ್ಡಡ್ಡವಾಗಿಟ್ಟ ಎರಡು ರಾಜದಂಡಗಳ ಮೇಲೆ ಕಿರೀಟವಿರುವುದು ಅದರ ಚಿಹ್ನೆ. ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದ ಚಿಹ್ನೆ ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂಬ ಮೂರು ರೋಮನ್ ಅಕ್ಷರಗಳು. ೧೮೯೩ರಿಂದ ಈಚೆಗೆ ಅದರ ನೆತ್ತಿಯ ಮೇಲೆ ಕಿರೀಟವೊಂದು ಸೇರಿತು. ೧೯ನೆಯ ಶತಮಾನದಲ್ಲಿ ಲಿಯೇಜಿನಲ್ಲಿ ತಯಾರಾದ ಅಗ್ಗದ ಜೇಬಿನ ಪಿಸ್ತೂಲುಗಳು ಲೋಕದ ಅನೇಕ ದೇಶಗಳಿಗೆ ಹೋದವು.

ಟಿಪ್ಪುವಿನ ಕಾರ್ಖಾನೆಗಳ ಆಯುಧಗಳಿಗೆ ಬೇರೆಯೇ ಗುರುತುಗಳಿವೆ. ಹುಲಿಯ ಮೈಪಟ್ಟೆಗಳ ಚಿತ್ತಾರ, ಹುಲಿಮುಖದ ಅಲಂಕಾರ, ಪಾರಸಿಯ ಅಕ್ಷರಗಳು, ಅವನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷಸಂಖ್ಯೆ ಇವು ಮುಖ್ಯವಾದುವು. ಆ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು.

ನಮ್ಮ ಪಿಸ್ತೂಲಿನಲ್ಲಿ ಹುಲಿಯ ಪಟ್ಟೆಯಾಗಲಿ ಪಾರಸಿಯ ಅಕ್ಷರವಾಗಲಿ ಇರಲಿಲ್ಲ. ನಳಿಗೆಯ ಅಡಿಯಲ್ಲಿ, ಕುಂಕುಮ ಮೆತ್ತಿದ ಧೂಳನ್ನು ಮೃದುವಾಗಿ ಸರಿಸಿದಾಗ, ಮೊಟ್ಟೆಯಾಕಾರದ ಗೆರೆಯೊಳಗೆ ಮೂರು ಅಕ್ಷರಗಳು ಕಾಣಿಸಿಕೊಂಡುವು. ಮೇಲೆ ಕಿರೀಟವಿರಲಿಲ್ಲ. ಈಗ ಲೆಕ್ಕವನ್ನು ಕೂಡಿಸೋಣ. ಕೇಪು ಇರುವುದರಿಂದ ೧೮೨೦ರ ದಶಕಕ್ಕೆ ಹಿಂದಿನದಲ್ಲ. ಕಿರೀಟ ಇಲ್ಲದಿರುವುದರಿಂದ ೧೮೯೩ಕ್ಕೆ ಈಚಿನದಲ್ಲ. ಮುದ್ರೆಯಿಂದ ತವರು ಲಿಯೇಜ್. ಧೋಂಡಿಯನು ಇದನ್ನು ಕಂಡಿರಲಾರನು.

ಅಸಲು, ಅನುಕೃತಿ, ಅಲಂಕಾರ

ಹಳೆಯದೆಂದು ಕಾಣುವುದೆಲ್ಲ ಹಳೆಯದಲ್ಲ. ೧೯೫೦ರ ದಶಕದಿಂದ ಈಚೆಗೆ ಇಟಲಿ ಮುಂತಾದ ದೇಶಗಳಲ್ಲಿ ಹಳೆಯ ಮಾದರಿಯ ಕರಿಮದ್ದಿನ ಪಿಸ್ತೂಲುಗಳನ್ನು ಹೊಸದಾಗಿ ಮಾಡುತ್ತಿದ್ದಾರೆ. ಇವು ಮೋಸದ ವಸ್ತುಗಳಲ್ಲ. ಇಟಲಿಯ ಪರೀಕ್ಷಾಶಾಲೆಯವರು ಕರಿಮದ್ದಿನ ಪರೀಕ್ಷೆಗೆಂದು ಪಿ, ಎನ್ ಎಂಬ ಅಕ್ಷರಗಳನ್ನು ನಕ್ಷತ್ರದೊಡನೆ ಒತ್ತಿರುತ್ತಾರೆ. ‘ಕರಿಮದ್ದಿಗೆ ಮಾತ್ರ’ ಎಂಬ ಇಂಗ್ಲಿಷ್ ಬರಹವೂ ಹಲವು ನಳಿಗೆಗಳ ಮೇಲೆ ಇರುತ್ತದೆ. ಇವು ಹಾರುವ ಕೋವಿಗಳೆಂಬುದನ್ನು ಮರೆಯಬಾರದು. ಗೋಡೆಯ ಅಲಂಕಾರಕ್ಕೆಂದು ಎರಕಹೊಯ್ದ ಬೊಂಬೆ ಪಿಸ್ತೂಲುಗಳು ಇನ್ನೊಂದು ಜಾತಿ.

ಇವನ್ನು ಬೇರ್ಪಡಿಸಲು ಮನೆಯಲ್ಲಿರುವ ಸಾಧನಗಳೇ ಸಾಕು. ಮೊದಲು ಅಯಸ್ಕಾಂತ. ಕಬ್ಬಿಣದ ನಳಿಗೆಗೆ ಅದು ಅಂಟುತ್ತದೆ. ಸತುವಿನ ಮಿಶ್ರಲೋಹದ ಎರಕಕ್ಕೆ ಅಂಟದು. ಹಿತ್ತಾಳೆಗೂ ಅಂಟದು, ಆದರೆ ಬಣ್ಣ ಅದನ್ನು ತೋರಿಸಿಕೊಡುತ್ತದೆ. ಮುಂದೆ ಭೂತಕನ್ನಡಿ. ಕೈಯಿಂದ ಒತ್ತಿದ ಮುದ್ರೆಯ ಅಂಚು ಚೂಪಾಗಿರುತ್ತದೆ. ಎರಕದಲ್ಲಿ ಮೂಡಿದ ಮುದ್ರೆಯ ಅಂಚು ಕರಗಿದ ಬೆಲ್ಲದಂತೆ ದುಂಡಾಗಿರುತ್ತದೆ. ತಿರುಪುಮೊಳೆಗಳನ್ನೂ ನೋಡಬೇಕು. ತಲೆಯ ಮೇಲೆ ಕೂಡುಗುರುತಿನ ಗಾಡಿಯಿರುವ ಮೊಳೆಗಳು ೧೯೩೦ರ ದಶಕದಲ್ಲಿ ಬಳಕೆಗೆ ಬಂದುವು. ಅವು ಇದ್ದಲ್ಲಿ, ಪಿಸ್ತೂಲು ಹೊಸದು, ಇಲ್ಲವೆ ಈಚೆಗೆ ಯಾರೋ ಕೈಹಾಕಿದ್ದಾರೆ.

ಹಿಡಿಯ ಮರವೂ ಕಥೆ ಹೇಳುತ್ತದೆ. ಸೊರಬ ಸಾಗರಗಳ ಗುಡಿಗಾರರು ಶ್ರೀಗಂಧದಲ್ಲಿ ಬಳ್ಳಿಯನ್ನೋ ದೇವರ ಮುಖವನ್ನೋ ಬಿಡಿಸುವುದನ್ನು ಕಂಡವರಿಗೆ, ಕೈಯ ಗೆರೆಗೂ ಯಂತ್ರದ ಗೆರೆಗೂ ಇರುವ ಅಂತರ ಹೊಸತಲ್ಲ. ಹಳೆಯ ಪಿಸ್ತೂಲಿನ ಹಿಡಿಯಲ್ಲಿ ಬೆವರಿಗೆ ಜಾರದಂತೆ ಚೌಕುಳಿಯಾಗಿ ಗೀರಿದ ಗೆರೆಗಳಿರುತ್ತವೆ. ಕೈಯ ಕೆಲಸದಲ್ಲಿ ಅವು ಒಂದೆಡೆ ಕೂದಲಷ್ಟು ಹತ್ತಿರ, ಒಂದೆಡೆ ಕೂದಲಷ್ಟು ದೂರ. ಬಾಗಿನಲ್ಲಿ ಕೆಲಸಗಾರನು ಉಳಿಯನ್ನು ತಿರುಗಿಸಿದ ಸ್ಥಳವೂ ತಿಳಿಯುತ್ತದೆ. ಅಂಗೈ ತಾಗಿ ತಾಗಿ ಸವೆದ ಗೆರೆಗಳು ಹಿಡಿಯುವ ಭಾಗದಲ್ಲಿ ಮಾತ್ರ ನಯವಾಗಿರಬೇಕು. ಎಲ್ಲೆಲ್ಲೂ ಒಂದೇ ಸಮನಾಗಿ ಸವೆದಿದ್ದರೆ ಅದು ಉಪಯೋಗದ ಸವೆತವಲ್ಲ, ಉಜ್ಜುಕಾಗದದ ಸವೆತ.

ಒಂದು ಚಿಕ್ಕ ಲೆಕ್ಕ

ಇಷ್ಟು ಪುಟ್ಟ ವಸ್ತುವಿಗೆ ಎಷ್ಟು ಬಲವಿದ್ದೀತು? ನಮ್ಮ ಪಿಸ್ತೂಲಿಗೆ ಸರಿಹೊಂದುವ ೧೧ ಮಿಲಿಮೀಟರು ವ್ಯಾಸದ ಸೀಸದ ಗುಂಡಿನ ತೂಕ ಸುಮಾರು ೮ ಗ್ರಾಂ. ಅದು ಸೆಕೆಂಡಿಗೆ ೧೨೦ ಮೀಟರು ವೇಗದಿಂದ ಹೊರಡುತ್ತದೆಂದು ಇಟ್ಟುಕೊಳ್ಳೋಣ. ಕಿರುಗೋವಿಗೆ ಇದು ಒಪ್ಪುವ ವೇಗ. ಆಗ ಅದರ ಚಲನಶಕ್ತಿ ಸುಮಾರು ೫೮ ಜೂಲ್ ಆಗುತ್ತದೆ. ಒಂದು ಕಿಲೋಗ್ರಾಂ ತೂಕದ ಕಲ್ಲು ಆರು ಮೀಟರು ಎತ್ತರದಿಂದ ಬಿದ್ದರೆ ಬರುವ ಶಕ್ತಿ ಇಷ್ಟೇ. ಆದರೆ ಇಲ್ಲಿ ಅಷ್ಟೂ ಶಕ್ತಿ ಕಿರುಬೆರಳ ತುದಿಯಷ್ಟು ಸ್ಥಳದಲ್ಲಿ ನಾಟುತ್ತದೆ.

ಈ ಶಕ್ತಿ ಗುಂಡಿಗೆ ದೊರೆಯುವುದು ಕೇವಲ ೬ ಸೆಂಟಿಮೀಟರು ಉದ್ದದ ನಳಿಗೆಯಲ್ಲಿ. ಶಕ್ತಿಯನ್ನು ದೂರದಿಂದ ಭಾಗಿಸಿದರೆ ಸರಾಸರಿ ನೂಕುಬಲ ಸಿಗುತ್ತದೆ: ಹೆಚ್ಚುಕಡಿಮೆ ಒಂದು ಕ್ವಿಂಟಲ್ ಅಡಕೆಯ ಮೂಟೆಯ ಭಾರ! ನಳಿಗೆಯೊಳಗಿನ ಸರಾಸರಿ ಒತ್ತಡ ಸುಮಾರು ೧೦೦ ವಾಯುಭಾರ. ಅದರ ಶಿಖರ ಇನ್ನೂ ಮೇಲೆ. ಇದೆಲ್ಲವೂ ನಡೆದು ಮುಗಿಯುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ. ಹೊಸದಾಗಿದ್ದಾಗ ಈ ಒತ್ತಡವನ್ನು ತಾಳಿದ ಕಬ್ಬಿಣ, ನೂರೈವತ್ತು ಮಳೆಗಾಲಗಳ ತುಕ್ಕು ತಿಂದ ಮೇಲೂ ತಾಳುವುದೆಂದು ಯಾರು ಹೇಳಬಲ್ಲರು? ಅದರಲ್ಲೂ ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡ ಇದರ ಅನೇಕ ಪಟ್ಟು. ಆದುದರಿಂದ ಹಳೆಯ ಕಿರುಗೋವಿಯನ್ನು ಹಾರಿಸಿ ನೋಡುವ ಆಸೆ ಯಾರಿಗೂ ಬೇಡ.

ಕಡ್ಡಿಯ ಪರೀಕ್ಷೆ

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮೊಟ್ಟಮೊದಲು ಮಾಡಬೇಕಾದ ಪರೀಕ್ಷೆಯನ್ನು ನಾವು ಕಟ್ಟಕಡೆಗೆ ಮಾಡಿದೆವು. ಮುದ್ರೆಯ ಸಂಭ್ರಮದಲ್ಲಿ ಪಿಸ್ತೂಲನ್ನು ಅತ್ತಿತ್ತ ತಿರುಗಿಸಿದ್ದೆವು. ಕುದುರೆಯನ್ನು ಒಮ್ಮೆ ಎಳೆದು ನೋಡಿಯೂ ಇದ್ದೆವು. ಆಮೇಲೆ ನಳಿಗೆಯ ಉದ್ದವನ್ನು ಅಳೆಯಲೆಂದು ತೆಂಗಿನ ಗರಿಯ ಕಡ್ಡಿಯನ್ನು ಬಾಯೊಳಗೆ ಮೆಲ್ಲನೆ ಇಳಿಸಿದೆವು. ಹೊರಗಿನ ನಳಿಗೆಯ ಉದ್ದ ೬ ಸೆಂಟಿಮೀಟರು. ಅದರ ಹಿಂದೆ ಮದ್ದಿನ ಕುಣಿಯೂ ಇರುವುದರಿಂದ ಕಡ್ಡಿ ೭ ಸೆಂಟಿಮೀಟರಿಗೂ ಹೆಚ್ಚು ಇಳಿಯಬೇಕಾಗಿತ್ತು. ಅದು ೫ಕ್ಕೇ ನಿಂತಿತು.

ಮನೆಯ ಜಗಲಿಯಲ್ಲಿ ಕ್ಷಣಕಾಲ ಮಾತು ನಿಂತಿತು. ಕಣಜ ಕಟ್ಟಿದ ಮಣ್ಣಿನ ಗೂಡು ಇರಬಹುದು, ಗುಂಡೂ ಇರಬಹುದು. ಇಂಥಲ್ಲಿ ಗುಂಡೇ ಇದೆಯೆಂದು ನಡೆದುಕೊಳ್ಳುವುದೊಂದೇ ಬುದ್ಧಿವಂತಿಕೆ. “ಹೋದ ಆಯುಧಪೂಜೆಗೆ ಮೊಮ್ಮಗ ಇದನ್ನ ತಂಗಿ ಕಡೆ ಹಿಡಿದು ಟಿಕ್ ಅನ್ನಿಸ್ತಿದ್ದ” ಎಂದು ಹಿರಿಯರು ತಗ್ಗಿದ ದನಿಯಲ್ಲಿ ಹೇಳಿದರು. ಗೂಟದ ಮೇಲೆ ಕೇಪು ಇರಲಿಲ್ಲ. ಆ ಮನೆಯ ಮಕ್ಕಳನ್ನು ಕಾಪಾಡಿದುದು ಅಷ್ಟೇ.

ಪಿಸ್ತೂಲಿನ ಬಾಯನ್ನು ಹೊರಗೋಡೆಯ ಕಡೆಗೆ ಮಾಡಿಟ್ಟು, ಆ ಕೋಣೆಗೆ ಬೀಗ ಹಾಕಿ, ಪೊಲೀಸ್ ಠಾಣೆಗೆ ತಿಳಿಸಿದೆವು. ಅವರ ಸಮ್ಮುಖದಲ್ಲಿ ಪರವಾನಗಿಯುಳ್ಳ ಕೋವಿ ರಿಪೇರಿಯವರೊಬ್ಬರು ತಕ್ಕ ಎಚ್ಚರಿಕೆಯಿಂದ ನಳಿಗೆಯನ್ನು ಬಿಚ್ಚಿದರು. ಒಳಗೆ ಬಿಳಿಯ ಪೊರೆ ಕಟ್ಟಿದ ಸೀಸದ ಗುಂಡು; ಅದರ ಕೆಳಗೆ ಇನ್ನೂ ಉದುರುದುರಾಗಿದ್ದ ಕರಿಯ ಪುಡಿ. ಅದನ್ನು ನೀರಿಗೆ ಹಾಕಿದರು. ಸರಿಯಾಗಿ ಕೂತ ಗುಂಡು ಬಾಟಲಿಯ ಬಿರಡೆಯಂತೆ ತೇವವನ್ನು ಹೊರಗೇ ತಡೆದಿತ್ತು. ಒಬ್ಬ ಒಳ್ಳೆಯ ಕಮ್ಮಾರನ ಕೈಗುಣವೇ ಇಷ್ಟು ಕಾಲ ಒಂದು ಅಪಾಯವನ್ನು ಜೋಪಾನವಾಗಿ ಕಾದಿಟ್ಟಿತ್ತು.

ವಾಚಕರಿಗೆ ನಮ್ಮ ಸೂಚನೆ ಇಷ್ಟೆ. ಹಳೆಯ ಕೋವಿ ಕಂಡೊಡನೆ ಅದು ತುಂಬಿದೆಯೆಂದೇ ಭಾವಿಸಿರಿ. ಬಾಯನ್ನು ಜನರ ಕಡೆಗೆ ತಿರುಗಿಸಬೇಡಿರಿ. ಕುದುರೆಯನ್ನಾಗಲಿ ಟ್ರಿಗರನ್ನಾಗಲಿ ಮುಟ್ಟಬೇಡಿರಿ. ಒಳಗಿರುವುದನ್ನು ಕೆದಕಿ ತೆಗೆಯುವ ಸಾಹಸ ಬೇಡವೇ ಬೇಡ.

ಕಾಯಿದೆ ಮತ್ತು ಕಾಪಾಡಿಕೆ

‘ಅಜ್ಜನ ಕಾಲದ್ದು, ಇದಕ್ಕೇಕೆ ಪರವಾನಗಿ?’ ಎಂದು ಕೇಳುವವರುಂಟು. ವಯಸ್ಸೊಂದೇ ಕೋವಿಯನ್ನು ಕಾಯಿದೆಯಿಂದ ಬಿಡಿಸದು. ೧೯೫೯ರ ಆಯುಧಗಳ ಕಾಯಿದೆಯ ೪೫ನೆಯ ಕಲಮು ಬಳಕೆ ತಪ್ಪಿದ ಮಾದರಿಯ ಅಥವಾ ಪ್ರಾಚೀನ ಬೆಲೆಯ ಆಯುಧಗಳಿಗೆ ವಿನಾಯಿತಿ ಕೊಡುವುದಾದರೂ, ರಿಪೇರಿ ಮಾಡಿಯೂ ಮಾಡದೆಯೂ ಅದನ್ನು ಕೋವಿಯಾಗಿ ಉಪಯೋಗಿಸಲು ಸಾಧ್ಯವಿರಬಾರದೆಂದು ಕಟ್ಟು ಮಾಡಿದೆ. ಇದನ್ನು ನಿರ್ಣಯಿಸುವುದು ಮನೆಯವರ ಕೆಲಸವಲ್ಲ. ಇದಲ್ಲದೆ ನೂರು ವರ್ಷ ಕಳೆದ ಇಂಥ ವಸ್ತುಗಳು ೧೯೭೨ರ ಪ್ರಾಚೀನ ವಸ್ತುಗಳ ಕಾಯಿದೆಗೂ ಒಳಪಡುತ್ತವೆ. ಖಾಸಗಿಯವರು ಅವನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಠಾಣೆಗೆ ತಿಳಿಸಿ, ಅಧಿಕಾರಿಗಳು ಹೇಳಿದಂತೆ ನಡೆಯುವುದೇ ಕ್ಷೇಮ.

ಇಟ್ಟುಕೊಳ್ಳಲು ಅನುಮತಿ ದೊರೆತರೆ, ಅದನ್ನು ಹುಣಸೆಹಣ್ಣು ಇಟ್ಟಿಗೆಪುಡಿಗಳಿಂದ ಬೆಳಗಬೇಡಿರಿ. ಕಬ್ಬಿಣದ ಮೇಲೆ ಸಮನಾಗಿ ಕಟ್ಟಿದ ಕಂದುಬಣ್ಣವೇ ಅದರ ವಯಸ್ಸಿನ ಪತ್ರ. ಉಜ್ಜಿದರೆ ಮುದ್ರೆಯೂ ಅಳಿಸಿ ಹೋದೀತು. ತೆಳುವಾಗಿ ಎಣ್ಣೆ ಸವರಿ, ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿದರೆ ಸಾಕು. ಚರ್ಮದ ಚೀಲದಲ್ಲಿ ಇಡಬಾರದು. ಚರ್ಮ ತೇವವನ್ನು ಹಿಡಿಯುತ್ತದೆ, ಅದನ್ನು ಹದಮಾಡಿದ ಆಮ್ಲಗಳು ಲೋಹವನ್ನು ತಿನ್ನುತ್ತವೆ.

ಪಿಸ್ತೂಲು ಧೋಂಡಿಯನ ಕಾಲದ್ದಲ್ಲವೆಂದು ತಿಳಿಸಿದಾಗ ಹಿರಿಯರಿಗೆ ಬೇಸರವಾದೀತೆಂದು ನಾವು ಅಂಜಿದ್ದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಎಲ್ಲಿಯ ಬೆಲ್ಜಿಯಂ, ಎಲ್ಲಿಯ ನಮ್ಮೂರು! ಇದನ್ನ ಇಲ್ಲಿಗೆ ತಂದವರು ಯಾರಿರಬಹುದು ಮೇಷ್ಟ್ರೆ?” ಎಂದು ಕೇಳಿದರು. ಒಂದು ಕಥೆ ಬಿದ್ದುಹೋದ ಸ್ಥಳದಲ್ಲಿ ಒಂದು ಪ್ರಶ್ನೆ ಹುಟ್ಟಿತ್ತು. ಅದೇ ದಿನ ಅವರು ಅಟ್ಟದ ಮೇಲಿನ ಹಳೆಯ ಲೆಕ್ಕದ ಕಡತಗಳನ್ನು ಕೆಳಗಿಳಿಸಿ, ಧೂಳು ಕೊಡವಿ, ಓದಲು ತೊಡಗಿದರು.